ಭತ್ತದ ಹುಲ್ಲಿನಿಂದ ಪಲ್ಪ್ ಮಾಡಿ ಪೇಪರ್ ಮಿಲ್ಲಿಗೆ ಮಾರಬಹುದಾ?

ಸಿಂಧನೂರು ಹತ್ತಿರ ಎಂಟು ಎಕರೆ ಭತ್ತ, ಕಟಾವಾದ ಮೇಲೆ ಹುಲ್ಲು ಸುಡೋ ಬದಲು ಮನೆಯಲ್ಲೇ ಪಲ್ಪ್ (ಕಾಗದಕ್ಕೆ ಬೇಕಾದ ನಾರಿನ ಮುದ್ದೆ) ಮಾಡಿ ಮಿಲ್ಲಿಗೆ ಕೊಡಬಹುದಾ ಅಂತ ಕೇಳಿದ್ದೀರಿ. ಪಲ್ಪ್ ಮಾಡಬಹುದು. ಮಿಲ್ಲಿಗೆ ಮಾರೋದು ಮಾತ್ರ ಬಿಟ್ಟುಬಿಡಿ. ನಾನು ಗಂಗಾವತಿಯಲ್ಲಿ ಕೈಕಾಗದದ ಸಣ್ಣ ಕೆಲಸ ಇಟ್ಟುಕೊಂಡಿದ್ದೇನೆ, ಅದರ ಮೇಲೆ ಹೇಳುತ್ತಿದ್ದೇನೆ.

ಮೊದಲು ಮಾಡುವ ಬಗೆ. ಒಣಹುಲ್ಲನ್ನು ಒಂದು ಇಂಚಿನಷ್ಟು ಕತ್ತರಿಸಿ, ಮಣ್ಣು ಹೋಗುವಂತೆ ತೊಳೆದು, ರಾತ್ರಿ ನೆನೆಹಾಕಿ. ಒಂದು ಕೆಜಿ ಹುಲ್ಲಿಗೆ ಸುಮಾರು 100 ಗ್ರಾಂ ಕಾಸ್ಟಿಕ್ ಸೋಡಾ, ಎಂಟು-ಹತ್ತು ಲೀಟರ್ ನೀರು. ಪಾತ್ರೆ ಸ್ಟೀಲಿನದೇ ಇರಲಿ. ಅಲ್ಯೂಮಿನಿಯಂ ಆದರೆ ಕಾಸ್ಟಿಕ್ ಅದನ್ನೇ ತಿನ್ನುತ್ತದೆ, ಹೊತ್ತಿಕೊಳ್ಳುವ ಗ್ಯಾಸೂ ಬರುತ್ತದೆ. ತಣ್ಣೀರಿಗೆ ಕಾಸ್ಟಿಕ್ ಸ್ವಲ್ಪ ಸ್ವಲ್ಪವೇ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿಯಬಾರದು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಎರಡು-ಮೂರು ಗಂಟೆ ಕುದಿಸಿ. ಆಮೇಲೆ ಒಂದು ಕಡ್ಡಿ ತೆಗೆದು ತೊಳೆದು ಬೆರಳಲ್ಲಿ ಹಿಸುಕಿ. ಗಿಣ್ಣು ಕೂಡ ನಾರುನಾರಾಗಿ ಬಿಡಿಸಿಕೊಂಡರೆ ಬೆಂದಿದೆ ಅಂತ. ಬಟ್ಟೆಯಲ್ಲಿ ಹಾಕಿ ತೊಳೆದು ಅರೆಯಿರಿ, ಸ್ಯಾಂಪಲ್‌ಗೆ ಹಳೇ ಮಿಕ್ಸಿ ಸಾಕು. ಒಂದು ಚಿಟಿಕೆ ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ, ಬೆಳಕಿಗೆ ಹಿಡಿದು ನೋಡಿ. ಗಂಟು ಕಾಣಬಾರದು.

ಕೆಜಿ ಹುಲ್ಲಿಗೆ ಕೈಗೆ ಸಿಗೋದು ಒಣ ಲೆಕ್ಕದಲ್ಲಿ ಅರ್ಧ ಕೆಜಿಯೊಳಗೆ. ಉಳಿದದ್ದೆಲ್ಲ ಎಲ್ಲಿ ಹೋಯಿತು? ಕುದಿಸಿದ ನೀರಿನಲ್ಲಿ. ತಕರಾರು ಇರುವುದೇ ಅಲ್ಲಿ.

ಕುದಿಸಿದ ನೀರು ಕಡು ಡಿಕಾಕ್ಷನ್ ಬಣ್ಣಕ್ಕೆ ಬರುತ್ತದೆ. ಅದರಲ್ಲಿ ಲಿಗ್ನಿನ್ (ನಾರುಗಳನ್ನು ಅಂಟಿಸಿ ಹಿಡಿದಿರುವ ಅಂಶ), ಕಾಸ್ಟಿಕ್‌ನ ಸೋಡಿಯಂ, ಜೊತೆಗೆ ಹುಲ್ಲಿನ ಸಿಲಿಕಾ (ಮರಳಿನಲ್ಲಿರುವಂಥದ್ದೇ ಅಂಶ) ಇರುತ್ತದೆ. ಭತ್ತದ ಹುಲ್ಲಿನಲ್ಲಿ ಸಿಲಿಕಾ ವಿಪರೀತ. ದೊಡ್ಡ ಮಿಲ್ಲುಗಳು ಈ ಕಪ್ಪು ನೀರನ್ನು ಬತ್ತಿಸಿ, ಉರಿಸಿ, ಕಾಸ್ಟಿಕ್ ವಾಪಸ್ ತೆಗೆಯುತ್ತವೆ. ಸಿಲಿಕಾ ಇದ್ದರೆ ಪೈಪು, ಕೊಳವೆಗಳಲ್ಲಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಅದಕ್ಕೇ ಭತ್ತದ ಹುಲ್ಲು ಅಂದರೆ ಅವರಿಗೆ ಅಷ್ಟಕ್ಕಷ್ಟೇ. ತಮಿಳುನಾಡಿನ ಟಿಎನ್‌ಪಿಎಲ್ ಅನ್ನೋ ಪೇಪರ್ ಮಿಲ್ಲು ಕಬ್ಬಿನ ಸಿಪ್ಪೆಯಿಂದ ಕಾಗದ ಮಾಡುತ್ತದೆ, ನಮ್ಮ ದಾಂಡೇಲಿ ಮಿಲ್ಲು ಮರ ನಂಬಿದೆ. ನಿಮ್ಮ ಹಸಿ ಪಲ್ಪ್ ಲಾರಿಯಲ್ಲಿ ಕಳಿಸಿದರೆ ಬಾಡಿಗೆ ಕೊಡೋದು ಮುಕ್ಕಾಲು ಪಾಲು ನೀರಿಗೇ.

ಆ ಕಪ್ಪು ನೀರನ್ನು ಗದ್ದೆಗೆ, ಕಾಲುವೆಗೆ ಬಿಡೋಣ ಅಂದುಕೊಳ್ಳಬೇಡಿ. ತುಂಗಭದ್ರಾ ಎಡದಂಡೆ ಕೆಳಗಿನ ಎರೆಭೂಮಿ ಮೊದಲೇ ಜವಳು, ಸವಳು ಹಿಡಿದು ಕೂತಿದೆ. ಅದರ ಮೇಲೆ ಸೋಡಿಯಂ ಸುರಿದರೆ ಮಣ್ಣು ಬಿಗಿದು ನೀರೇ ಇಂಗುವುದಿಲ್ಲ. ವ್ಯಾಪಾರಕ್ಕೆ ಅಂತ ಮಾಡಿದರೆ 1974ರ ಜಲ ಕಾಯ್ದೆ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯೂ ಬೇಕು. ಕಾಸ್ಟಿಕ್ ಬದಲು ಸುಣ್ಣ ಹಾಕಿ ಕೆಲವು ದಿನ ನೆನೆಸಿ ಕುದಿಸಬಹುದು. ಪಲ್ಪ್ ಒರಟು, ಹಳದಿ. ರಟ್ಟಿಗೆ, ಮೊಟ್ಟೆ ಟ್ರೇಗೆ ಆಗುತ್ತದೆ. ಆ ನೀರೂ ಕ್ಷಾರವೇ, ಸುಮ್ನೆ ಚೆಲ್ಲುವಂತಿಲ್ಲ.

ಇನ್ನೊಂದು ಮಾತು. ಬರೀ ಹುಲ್ಲಿನ ಹಾಳೆ ಮಡಚಿದರೆ ಪಟ್ ಅಂತ ಮುರಿಯುತ್ತದೆ, ನಾರು ಗಿಡ್ಡ ಅಲ್ವಾ. ಟೇಲರ್ ಅಂಗಡಿಯ ಹತ್ತಿ ಬಟ್ಟೆ ಚೂರು ಇಲ್ಲವೇ ಬಾಳೆ ನಾರು ಬೆರೆಸಿ. ಆನೆಗೊಂದಿಯಲ್ಲಿ ಹೆಣ್ಣುಮಕ್ಕಳು ಬಾಳೆ ನಾರಿನಿಂದ ಬುಟ್ಟಿ, ಚೀಲ ಮಾಡುತ್ತಾರೆ, ಹೋಗಿ ನೋಡಿದರೆ ಅದು ಎಂಥ ಗಟ್ಟಿ ನಾರು ಅಂತ ಗೊತ್ತಾಗುತ್ತದೆ. ಹತ್ತಿ ಕಟ್ಟಿಗೆ ಬೇಡ, ಅದು ಮರದ ಜಾತಿ, ಮನೆ ಒಲೆಗೆ ಬೇಯುವುದಿಲ್ಲ.

ನಿಮ್ಮ ಎಂಟು ಎಕರೆಯಲ್ಲಿ ಹತ್ತು ಟನ್ನಿಗೂ ಜಾಸ್ತಿ ಹುಲ್ಲು ಬರುತ್ತದೆ. ಕೈಕಾಗದಕ್ಕೆ ದಿನಕ್ಕೆ ಕೆಲವೇ ಕೆಜಿ ಹಿಡಿಯುತ್ತದೆ. ಹಾಗಾಗಿ ಬೇಲರ್ (ಹುಲ್ಲು ಸುತ್ತಿ ಕಟ್ಟುವ ಯಂತ್ರ) ಕರೆಸಿ ಉರುಳೆ ಕಟ್ಟಿಸಿ, ದನ ಇಟ್ಟವರಿಗೆ ಕೊಡಿ. ಮಳೆ ಕೈಕೊಟ್ಟ ವರ್ಷ ಅವರೇ ಹುಡುಕಿಕೊಂಡು ಬರುತ್ತಾರೆ. ಒಂದೆರಡು ಉರುಳೆ ಮಾತ್ರ ಕಾಗದಕ್ಕೆ ಇಟ್ಟುಕೊಂಡು, ಮದುವೆ ಕಾರ್ಡು, ಫೈಲು ಮಾಡಿ ಮಾರಿ ನೋಡಿ. ಪಲ್ಪಿಗಿಂತ ಹಾಳೆಗೇ ಬೆಲೆ.