ಮಗಳ ಕೈ ಹಿಡಿದು ಕೂರಿಸಿದೆ, ಅದೇ ತಪ್ಪಾಯಿತು

ಏಳು ವರ್ಷದ ಮಗ ಟಿವಿಯಲ್ಲಿ ಇಂಗ್ಲೆಂಡಿನ ತಂಡಗಳನ್ನೇ ನೋಡುತ್ತಾನೆ, ಅವನನ್ನು ನಮ್ಮೂರ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿ ಮಾಡುವುದು ಹೇಗೆ ಅಂತ ಕೇಳಿದ್ದೀರಿ. ನನ್ನ ಮಗಳಿಗೂ ಆಗ ಏಳೇ ವರ್ಷ.

ನಮ್ಮ ಕೊಡಗಿನ ಸುಂಟಿಕೊಪ್ಪದಲ್ಲಿ ನಡೆಯುವ ಗೋಲ್ಡ್ ಕಪ್ ಫುಟ್‌ಬಾಲ್ ಪಂದ್ಯಾವಳಿಗೆ ಕರೆದುಕೊಂಡು ಹೋಗಿದ್ದೆ. ನಮ್ಮೂರ ಹುಡುಗರ ಮ್ಯಾಚ್. ಹತ್ತು ನಿಮಿಷ ಆಗಿರಲಿಲ್ಲ, 'ಗೋಲ್ ಹಿಂದೆ ಹೋಗ್ಲಾ ಅಪ್ಪ?' ಅಂದಳು. ಅಲ್ಲಿ ಒಂದಷ್ಟು ಮಕ್ಕಳು ಹೊರಗೆ ಬಂದ ಚೆಂಡು ತರಲು ಓಡುತ್ತಿದ್ದರು. ನಾನು ಕೈ ಹಿಡಿದು ಕೂರಿಸಿದೆ. 'ಮೊದಲು ಆಟ ನೋಡು' ಅಂದೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆಫ್‌ಸೈಡ್ ಅಂದರೇನು ಅಂತ ವಿವರಿಸಿದೆ. ಪಕ್ಕದವರ ಮುಂದೆಯೇ ಪ್ರಶ್ನೆ ಕೇಳಿದೆ, ತಪ್ಪು ಹೇಳಿದಾಗ ತಿದ್ದಿದೆ. ಮತ್ತೆ ಎದ್ದಳು, ಮತ್ತೆ ಕೂರಿಸಿದೆ. ಮಳೆ ಬಂತು, ಆಗಲೂ ಏಳಲು ಬಿಡಲಿಲ್ಲ. ಅವಳಿಗೆ ಮೈದಾನ ಬೇಕಿತ್ತು, ನಾನು ಪಾಠ ಕೊಟ್ಟೆ. ಮುಂದಿನ ವರ್ಷ 'ನಾನು ಅಜ್ಜಿ ಜೊತೆ ಇರ್ತೀನಿ' ಅಂದಳು. ಅದರ ಮುಂದಿನ ವರ್ಷವೂ ಅದೇ ಮಾತು. ಎರಡು ವರ್ಷ ಹೋಯಿತು.

ಮೂರನೇ ವರ್ಷ ಪಕ್ಕದ ಮನೆ ಹುಡುಗಿ ಕರೆದಳು ಅಂತ ಹೋದಳು. ನಾನು ದೂರವೇ ನಿಂತೆ. ನಮ್ಮ ಗೋಲ್‌ಕೀಪರ್ ಉಳಿದ ದಿನಗಳಲ್ಲಿ ಎಸ್ಟೇಟ್ ಜೀಪ್ ಓಡಿಸುವ ಹುಡುಗ. 'ನನ್ನ ನೀರಿನ ಬಾಟಲಿ ನೋಡ್ಕೋ ಮರಿ' ಅಂದನಂತೆ. ಅವತ್ತು ನಾವು ಸೋತೆವು. ರಾತ್ರಿ ಊಟದಲ್ಲೂ ಅವಳಿಗೆ ಅವನದೇ ಚಿಂತೆ. ಈಗ ಆ ಜೀಪ್ ಕಂಡರೆ ರಸ್ತೆಯಲ್ಲೇ ಕೂಗುತ್ತಾಳೆ.

ಆಡುವವರು ಗೊತ್ತಿರುವವರು ಅಂತ ತಂಡ ನಮ್ಮದಾಗುವುದು ಕೊಡಗಿನಲ್ಲಿ ಹೊಸದೇನಲ್ಲ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ 60 ತಂಡಗಳಿಂದ ಶುರುವಾಯಿತು. 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡ ಆಡಿದವು. ಅಲ್ಲಿ ಮಗುವಿಗೆ ಯಾರೂ ಅಭಿಮಾನ ಕಲಿಸಬೇಕಿಲ್ಲ. ತಂಡಕ್ಕೆ ಮನೆತನದ್ದೇ ಹೆಸರು, ಆಡುವವರು ಚಿಕ್ಕಪ್ಪ, ಅಣ್ಣ, ಅಕ್ಕ. ಫುಟ್‌ಬಾಲ್ ಕ್ಲಬ್ಬಿಗೆ ಆ ನಂಟು ಹುಟ್ಟಿನಿಂದ ಬರಲ್ಲ ಅಲ್ವಾ? ಮುಖ ಪರಿಚಯದಿಂದಲೇ ಬರಬೇಕು.

ಹಾಗಾಗಿ 'ಮಾಡುವುದು ಹೇಗೆ' ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಟಿವಿ ಆರಿಸಬೇಡಿ, ಆ ತಂಡವೂ ಇರಲಿ. ಜೆರ್ಸಿಗೂ ಅವಸರ ಬೇಡ. ಸಂಜೆ ನಿಮ್ಮ ಹುಡುಗರು ಪ್ರಾಕ್ಟೀಸ್ ಮಾಡುವ ಜಾಗಕ್ಕೆ ಸುಮ್ನೆ ಕರೆದುಕೊಂಡು ಹೋಗಿ, ಮನೆಯವರೂ ಬರಲಿ. ಚೆಂಡು ಹೊರಗೆ ಬಂದಾಗ ಅವನೇ ಓಡಲಿ, ನೀವು ಏಳಬೇಡಿ.