ಕ್ಯಾರವಾನ್‌ನಲ್ಲಿ ಕೊಡಗು ಸುತ್ತುವಾಗ ಒಳ್ಳೆಯ ಕಾಫಿಗೆ ಯಾವ ಎಸ್‌ಪ್ರೆಸೊ ಮೆಷಿನ್ ತೆಗೆದುಕೊಳ್ಳಲಿ? ಮೆಷಿನ್ನಿನ ವಾಟ್ ಇನ್ವರ್ಟರಿನದಕ್ಕಿಂತ ಕಡಿಮೆ ಇದ್ದರೆ ಸಾಕಲ್ಲ, ಇನ್ವರ್ಟರ್ ಮೇಲೆ ಓಡುತ್ತದೆಯೇ? ಕೊಡಗಿನಲ್ಲಿ ಪುಡಿ ಎಲ್ಲೆಲ್ಲೂ ಚೆನ್ನಾಗಿಯೇ ಇರುತ್ತದೆ, ಮೆಷಿನ್ ಬಗ್ಗೆ ಮಾತ್ರ ಹೇಳಿ.

ಯಾವುದೂ ಬೇಡ. ಇನ್ವರ್ಟರ್ ಮೇಲೆ ಓಡುತ್ತದೆ, ಅದರಲ್ಲಿ ಅನುಮಾನವಿಲ್ಲ. ನಮ್ಮದೂ ಓಡಿತ್ತು. ಆಮೇಲೆ ವ್ಯಾನ್ ಓಡಲಿಲ್ಲ.

ಭಾವ ಒಂದು ಹಳೆಯ ವ್ಯಾನ್ ಕೊಂಡು, ಸೀಟು ಕೀಳಿಸಿ, ಮಂಚ, ಸಿಂಕು, ಪುಟ್ಟ ಫ್ರಿಜ್ಜು, ಮೇಲೆ ಸೋಲಾರ್ ಎಲ್ಲ ಹಾಕಿಸಿದ್ದರು. ಡ್ರೈವಿಂಗ್ ಅವರದು, ಅಡುಗೆ ಅಕ್ಕನದು, ಕಾಫಿ ನನ್ನದು ಅಂತ ಮಾತಾಗಿತ್ತು. ಆಗ ನನಗೆ ಎಸ್‌ಪ್ರೆಸೊ ಹುಚ್ಚು. ಮನೆಯ ಸ್ಟೀಲ್ ಫಿಲ್ಟರ್ ಹಳೇ ಕಾಲದ್ದು ಅನ್ನಿಸಿ, 1,350 ವಾಟಿನ ಮೆಷಿನ್ ಒಂದನ್ನು ತಂದು ಸಿಂಕಿನ ಪಕ್ಕ ಬೋಲ್ಟ್ ಹಾಕಿ ಕೂರಿಸಿದೆ. ಹೊರಟಿದ್ದು ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್ ನಡುವೆ ಬರುವ ಕೊಡವರ ಮಳೆಯ ತಿಂಗಳಲ್ಲಿ. ಆಗಿನ ಕೊಡಗಿನ ಮಳೆ ನೋಡಿದವರಿಗೆ ಮುಂದಿನದನ್ನು ಹೇಳಬೇಕಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ನೀವು ಬರೆದಿರುವ ಲೆಕ್ಕವನ್ನೇ ನಾನೂ ಹಾಕಿದ್ದೆ.

ಇನ್ವರ್ಟರ್ 1,500 ವಾಟ್, ಮೆಷಿನ್ 1,350, ಇನ್ನೂ 150 ಉಳಿಯಿತಲ್ಲ ಎಂಬ ಲೆಕ್ಕ. ತಪ್ಪಿದ್ದು ಅಲ್ಲೇ. ಇನ್ವರ್ಟರ್ ಎಷ್ಟು ಕೊಡಬಲ್ಲದು ಅನ್ನುವುದು ಒಂದು, ಅದನ್ನು ಎಲ್ಲಿಂದ ತಂದುಕೊಡುತ್ತದೆ ಅನ್ನುವುದು ಇನ್ನೊಂದು. ಬ್ಯಾಟರಿ ಇರುವುದು 12 ವೋಲ್ಟಿನದು. 1,350 ಅನ್ನು 12ರಿಂದ ಭಾಗಿಸಿದರೆ 112 ಆಂಪಿಯರ್. ಇನ್ವರ್ಟರ್ ಒಳಗೆ ನಷ್ಟವಾಗುವುದನ್ನು ಸೇರಿಸಿದರೆ 125 ದಾಟುತ್ತದೆ. 100 ಎಎಚ್ (ಆಂಪಿಯರ್-ಅವರ್) ಎಂದು ಬರೆದಿರುವ ಲೆಡ್-ಆಸಿಡ್ ಬ್ಯಾಟರಿ ಆ 100 ಎಎಚ್ ಕೊಡುವುದು ನಿಧಾನವಾಗಿ, ಗಂಟೆಗಟ್ಟಲೆ ಎಳೆದಾಗ. ಒಂದೇ ಸಲ ನೂರಿಪ್ಪತ್ತು ಆಂಪಿಯರ್ ಎಳೆದರೆ ಅರ್ಧದಷ್ಟೂ ಕೈಗೆ ಸಿಗುವುದಿಲ್ಲ. ಇನ್ನು ಮೆಷಿನ್ ಒಂದು ಲೋಟಕ್ಕೆ ಅಂತ ಒಂದೇ ಸಲ ಕಾಯುವುದೂ ಇಲ್ಲ. ಸ್ವಿಚ್ ಆನ್ ಇರುವಷ್ಟು ಹೊತ್ತೂ ತಣ್ಣಗಾದಂತೆಲ್ಲ ತಾನಾಗಿಯೇ ಮತ್ತೆ ಕಾಯುತ್ತಿರುತ್ತದೆ. ಹಾಲಿಗೆ ಸ್ಟೀಮ್ ಬೇಕೆಂದರೆ ಇನ್ನಷ್ಟು. ನಾಲ್ಕು ಜನಕ್ಕೆ ಎರಡೆರಡು ಸುತ್ತು.

ಇದಕ್ಕಿಂತ ದೊಡ್ಡದು ವೈರಿಂಗ್. ಫ್ರಿಜ್ಜು, ಲೈಟು, ಇನ್ವರ್ಟರ್ ಎಲ್ಲವೂ ವ್ಯಾನ್ ಸ್ಟಾರ್ಟ್ ಮಾಡುವ ಬ್ಯಾಟರಿಗೇ ಜೋಡಿಸಿದ್ದವು. ಮನೆಬಳಕೆಗೆ ಬೇರೆ ಬ್ಯಾಟರಿ, ನಡುವೆ ಒಂದರ ಚಾರ್ಜನ್ನು ಇನ್ನೊಂದು ಎಳೆಯದಂತೆ ತಡೆಯುವ ಐಸೊಲೇಟರ್ ಇರಬೇಕಿತ್ತು. ನಾನು ಕೇಳಲಿಲ್ಲ. ಇನ್ವರ್ಟರ್‌ನಲ್ಲಿ ಕಟ್-ಆಫ್ ಇದೆ, ಬ್ಯಾಟರಿ ಇಳಿದರೆ ತಾನೇ ನಿಲ್ಲುತ್ತದೆ ಎಂಬ ಧೈರ್ಯ. ಆ ಕಟ್-ಆಫ್ ಇರುವುದು 10.5 ವೋಲ್ಟಿಗೆ. ಅಷ್ಟಕ್ಕೆ ಇಳಿದ ಬ್ಯಾಟರಿಯಲ್ಲಿ ಲೈಟು ಉರಿದೀತು, ಡೀಸೆಲ್ ಎಂಜಿನ್ನಿನ ಸ್ಟಾರ್ಟರ್ ತಿರುಗುವುದಿಲ್ಲ. ಹೊರೆ ತೆಗೆದ ತಕ್ಷಣ ವೋಲ್ಟೇಜ್ ಸ್ವಲ್ಪ ಏರುತ್ತದೆ, ಇನ್ವರ್ಟರ್ ಮತ್ತೆ ಆನ್ ಆಗುತ್ತದೆ. ಅದು ಕುಂಯ್ ಎಂದಾಗಲೆಲ್ಲ ನಾನು ರೀಸೆಟ್ ಒತ್ತಿದೆ. ಅಕ್ಕನ ಲೋಟ ಇನ್ನೂ ಬಾಕಿ ಇತ್ತು, ಅದಕ್ಕೆ. ಸೋಲಾರ್? ವಾರಗಟ್ಟಲೆ ಮೋಡ ಸರಿಯದ ಊರಿನಲ್ಲಿ ಅದು ಹೆಸರಿಗೆ ಮಾತ್ರ.

ಚೇರಂಬಾಣೆ ದಾಟಿ ಭಾಗಮಂಡಲದ ಕಡೆ, ತೋಟವೊಂದರ ಗೇಟಿನ ಬಳಿ ಕೇಳಿಕೊಂಡು ರಾತ್ರಿ ನಿಲ್ಲಿಸಿದ್ದೆವು. ಬೆಳಿಗ್ಗೆ ಭಾವ ಕೀ ತಿರುಗಿಸಿದರೆ ‘ಟಕ್’ ಅಂದು ಸುಮ್ಮನಾಯಿತು. ಫೋನಿಗೆ ಸಿಗ್ನಲ್ ಇಲ್ಲ. ಭಾವ ನನ್ನನ್ನು ಬೈಯಲಿಲ್ಲ, “ಕಾಫಿ ಚೆನ್ನಾಗಿತ್ತು ಕಣೋ” ಅಂದರು. ಬೈದಿದ್ದರೆ ವಾಸಿಯಿತ್ತು.

ಒಂಬತ್ತರ ಸುಮಾರಿಗೆ ತೋಟದ ಲೆಕ್ಕಪತ್ರ ನೋಡುವ ರೈಟರ್ ಜೀಪಿನಲ್ಲಿ ಬಂದರು. ಜೀಪಿನ ಬ್ಯಾಟರಿಯಿಂದ ಕೇಬಲ್ ಎಳೆದು ಸ್ಟಾರ್ಟ್ ಮಾಡಿಕೊಟ್ಟು, ಒಳಗೆ ಇಣುಕಿ ಮೆಷಿನ್ ನೋಡಿದರು. “ಇದು ಎಂತದು ಸಾರ್?” “ಕಾಫಿ ಮೆಷಿನ್.” “ಓ. ಇದಕ್ಕೆ ಬ್ಯಾಟರಿ ಹೋದದ್ದಾ?” ಅಷ್ಟೇ ಅಂದದ್ದು. ಆಮೇಲೆ ತಮ್ಮ ಫ್ಲಾಸ್ಕ್ ತೆಗೆದು ಎಲ್ಲರಿಗೂ ಮುಚ್ಚಳದಲ್ಲಿ ಬೆಲ್ಲದ ಕಾಫಿ ಕೊಟ್ಟರು. ಹಾಲಿಲ್ಲ, ಕಾಳುಮೆಣಸಿನ ಘಾಟು. ಅಕ್ಕ ಎರಡು ಸಲ ಕೇಳಿ ಹಾಕಿಸಿಕೊಂಡಳು. ನನ್ನ ಎಸ್‌ಪ್ರೆಸೊವನ್ನು ಒಮ್ಮೆಯೂ ಹಾಗೆ ಕೇಳಿರಲಿಲ್ಲ. ಅಷ್ಟು ಕೆಳಗೆ ಇಳಿದ ಸ್ಟಾರ್ಟಿಂಗ್ ಬ್ಯಾಟರಿ ಮತ್ತೆ ಸುಧಾರಿಸಲಿಲ್ಲ, ಮಡಿಕೇರಿಯಲ್ಲಿ ಹೊಸದು ಹಾಕಿಸಿದೆವು. ದುಡ್ಡು ನಾನೇ ಕೊಟ್ಟೆ.

ಹಾಗಾಗಿ ನನ್ನ ಮಾತು: ಕಾಫಿಗೆ ಬೇಕಾದ ಬಿಸಿಯನ್ನು ಗ್ಯಾಸಿನಿಂದ ತೆಗೆಯಿರಿ, ಬ್ಯಾಟರಿಯಿಂದಲ್ಲ. ಐದು ಕೆಜಿ ಸಿಲಿಂಡರ್, ಒಂದು ಒಲೆ, ಮನೆಯಲ್ಲಿರುವ ಸ್ಟೀಲ್ ಫಿಲ್ಟರ್, ಸಾಕು. ಮಳೆ ಎಂದು ಕಿಟಕಿ ಬಾಗಿಲು ಪೂರ್ತಿ ಮುಚ್ಚಿ ಮಾತ್ರ ಒಲೆ ಹಚ್ಚಬೇಡಿ. ಮುಚ್ಚಿದ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡರೆ ವಾಸನೆಯೂ ಬರುವುದಿಲ್ಲ.

ಫಿಲ್ಟರನ್ನು ರಾತ್ರಿ ವ್ಯಾನ್ ನಿಂತ ಮೇಲೆ ಹಾಕಿ. ದಾರಿಯಲ್ಲೇ ಡಿಕಾಕ್ಷನ್ ಇಳಿಯಲಿ ಎಂದು ಹೊರಡುವ ಮುಂಚೆ ಹಾಕಿದರೆ ಚೆಲ್ಲುವುದಷ್ಟೇ ಅಲ್ಲ, ಅಲುಗಾಟಕ್ಕೆ ಸಣ್ಣ ಪುಡಿಯೆಲ್ಲ ಕೆಳಗಿಳಿದು ತೂತು ಕಟ್ಟಿಕೊಳ್ಳುತ್ತದೆ. ಮೇಲೆ ನೀರು, ಕೆಳಗೆ ನಾಲ್ಕು ಹನಿ. ಇಬ್ಬರಿಗಾದರೆ ಮೂರು ತುಂಬು ಚಮಚ ಪುಡಿ, ಒತ್ತುಬಿಲ್ಲೆಯಿಂದ ಹಗುರವಾಗಿ ಒತ್ತಿ ಅರ್ಧ ಲೋಟಕ್ಕಿಂತ ತುಸು ಹೆಚ್ಚು ನೀರು. ಕುದಿ ಇಳಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಹಾಕಿ ಅಂತ ವಿಡಿಯೊಗಳಲ್ಲಿ ಹೇಳುತ್ತಾರಲ್ಲ, ಅದು ಸಮುದ್ರಮಟ್ಟದವರಿಗೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಕುದಿಯುತ್ತಿರುವಾಗಲೇ ಸುರಿಯಿರಿ. ಬೆಳಿಗ್ಗೆ ಡಿಕಾಕ್ಷನ್ ಒಲೆಯ ಮೇಲಿಟ್ಟು ಕುದಿಸಬೇಡಿ. ಹಾಲು ಉಕ್ಕಿ ಬಂದಾಗ ಅದನ್ನೇ ಡಿಕಾಕ್ಷನ್‌ಗೆ ಸೇರಿಸಿ. ಹಾಲಿಗೆ ನಂದಿನಿ ಗುಡ್‌ಲೈಫ್ ಪ್ಯಾಕೆಟ್ ಒಯ್ದರೆ ಅದನ್ನು ಕತ್ತರಿಸಿ ತೆರೆಯುವ ತನಕ ಫ್ರಿಜ್ಜಿನ ಹಂಗಿಲ್ಲ. ವ್ಯಾನಿನ ಟ್ಯಾಂಕ್ ನೀರು ಪಾತ್ರೆ ತೊಳೆಯಲು ಇರಲಿ, ಕಾಫಿಗೆ ಬೇರೆ ಕ್ಯಾನ್ ಇಡಿ. ಪ್ಲಾಸ್ಟಿಕ್ ವಾಸನೆಯನ್ನು ಯಾವ ಪುಡಿಯೂ ಮುಚ್ಚುವುದಿಲ್ಲ.

ಕೊಡಗಿನಲ್ಲಿ ಪುಡಿ ಎಲ್ಲೆಲ್ಲೂ ಚೆನ್ನಾಗಿಯೇ ಇರುತ್ತದೆ, ಮೆಷಿನ್ ಬಗ್ಗೆ ಮಾತ್ರ ಹೇಳಿ ಎಂದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಬೆಳೆಗಾರರು ಬಹುಪಾಲು ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ ಬೀಜ) ಇಲ್ಲವೇ ಚೆರಿ (ಹಣ್ಣನ್ನೇ ಒಣಗಿಸಿದ್ದು) ರೂಪದಲ್ಲೇ ಚೀಲಗಟ್ಟಲೆ ಮಾರಿಬಿಡುತ್ತಾರೆ, ದೇಶದ ಕಾಫಿಯಲ್ಲಿ ದೊಡ್ಡ ಪಾಲು ಹಡಗು ಹತ್ತುತ್ತದೆ. ಹೈವೇ ಪಕ್ಕ ಚಾಕೊಲೇಟು, ಜೇನು, ವೈನ್ ಜೊತೆ ಜೋಡಿಸಿಟ್ಟ ಬಣ್ಣದ ಪೊಟ್ಟಣ ಯಾವಾಗ ಹುರಿದದ್ದೋ. ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆ, ಎಲ್ಲೇ ಆಗಲಿ, ಪೇಟೆಯೊಳಗೆ ಕಣ್ಣೆದುರಿಗೆ ಪುಡಿ ಮಾಡಿಕೊಡುವ ಅಂಗಡಿ ಹುಡುಕಿ. ಕಾಲು ಕೆಜಿಗಿಂತ ಹೆಚ್ಚು ಕೊಳ್ಳಬೇಡಿ, ಮಳೆಗಾಲದ ತೇವಕ್ಕೆ ಬಾಯಿಬಿಟ್ಟ ಪುಡಿ ಎರಡೇ ದಿನದಲ್ಲಿ ಗಂಟುಕಟ್ಟುತ್ತದೆ. ಚಿಕೋರಿ ಎಷ್ಟೆಂದು ಬಾಯಿಬಿಟ್ಟು ಕೇಳಿ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ 51 ಪರ್ಸೆಂಟ್ ಕಾಫಿ ಇದ್ದರೂ ಮಾರಬಹುದು, ಅಂದರೆ 49 ಚಿಕೋರಿ ಕುಡಿದು ಕೊಡಗಿನ ಕಾಫಿ ಕುಡಿದೆ ಅಂದುಕೊಳ್ಳಬಹುದು! ಹದಿನೈದರ ಮೇಲೆ ಬೇಡ. ಇನ್ನು ಅರೇಬಿಕಾ ಮಾತ್ರ ಕೊಡಿ ಎಂದು ಹಟ ಹಿಡಿಯಬೇಡಿ. ಜಿಲ್ಲೆಯಲ್ಲಿ ಹೆಚ್ಚು ಬೆಳೆಯುವುದು ರೋಬಸ್ಟಾ, ಹಾಲು ಹಾಕಿ ಕುಡಿಯುವವರಿಗೆ ಅದು ಸ್ವಲ್ಪ ಬೆರೆತಿದ್ದರೇ ಗಟ್ಟಿತನ.

ಮೆಷಿನ್ ಆಗಲೇ ಕೊಂಡುಬಿಟ್ಟಿದ್ದರೆ, ಹೋಮ್‌ಸ್ಟೇ ಅಂಗಳದಲ್ಲಿ ವ್ಯಾನ್ ನಿಲ್ಲಿಸಿದಾಗ ಅವರ ಪ್ಲಗ್ಗಿಗೆ ಹಾಕಿ ಕುಡಿಯಿರಿ. ಕರೆಂಟ್ ಇದ್ದರೆ. ಕಕ್ಕಡದಲ್ಲಿ ಅದೂ ಗ್ಯಾರಂಟಿ ಇಲ್ಲ.