ಮೆಷಿನ್ ನಾರ್ಮಲ್ ಅಂದಮೇಲೂ ಡಾಕ್ಟರು ಯಾಕೆ ಬಿಡಲಿಲ್ಲ?

ಈ ಸಲ ಬಂದ ಪತ್ರಗಳಲ್ಲಿ ಕಾಯಿಲೆಗಿಂತ ಆಸ್ಪತ್ರೆಯ ಕಂಪ್ಯೂಟರ್ ಬಗ್ಗೆಯೇ ಜಾಸ್ತಿ ಪ್ರಶ್ನೆಗಳಿವೆ. ನಾಲ್ಕನ್ನು ಆರಿಸಿದ್ದೇನೆ.

ಪ್ರಶ್ನೆ: ಅಪ್ಪನಿಗೆ 66 ವರ್ಷ, ಶುಗರ್ ಇದೆ. ಬೆಳಗ್ಗೆ ಎದೆ ಉರಿ, ಬೆವರು ಅಂದರು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದಾಗ ಚೀಟಿ ಮೇಲೇ ‘ನಾರ್ಮಲ್’ ಅಂತ ಪ್ರಿಂಟ್ ಆಗಿ ಬಂತು. ಆದರೂ ಡಾಕ್ಟರು ಅದನ್ನು ದೊಡ್ಡ ಆಸ್ಪತ್ರೆಯ ಹೃದಯ ತಜ್ಞರಿಗೆ ಕಳಿಸಿದರು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಇಸಿಜಿ ತೆಗೆದರು, ರಕ್ತನೂ ತಗೊಂಡರು. ಇಷ್ಟೆಲ್ಲ ಬೇಕಿತ್ತಾ ಸಾರ್?
– ತುಮಕೂರು ಜಿಲ್ಲೆಯ ಓದುಗರು

ಉತ್ತರ: ಬೇಕಿತ್ತು. ಮುಂದಿನ ಸಲ ಆ ಕಡೆ ಹೋದಾಗ ಆ ಡಾಕ್ಟರಿಗೆ ಒಂದು ನಮಸ್ಕಾರ ಹೇಳಿ ಬನ್ನಿ.

ಕೈಕಾಲಿಗೆ ನಾಲ್ಕು, ಎದೆಗೆ ಆರು ವೈರ್ ಹಚ್ಚಿ ತೆಗೆಯುವ ಇಸಿಜಿಯಲ್ಲಿ ಇರೋದು ಸುಮಾರು 10 ಸೆಕೆಂಡಿನ ಕಥೆ. ಮೆಷಿನ್ ಒಳಗಿನ ಪ್ರೋಗ್ರಾಂ ಆ ಗೆರೆಗಳನ್ನು ಅಳೆಯುತ್ತದೆ. ನಿಮಿಷಕ್ಕೆ ಎಷ್ಟು ಬಡಿತ, ಗೆರೆ ಎಷ್ಟು ಎತ್ತರ, ನಡುವೆ ಎಷ್ಟು ಅಂತರ, ಇದರಲ್ಲೆಲ್ಲ ಅದು ಜಾಣ. ಆದರೆ ಹಾರ್ಟ್ ಅಟ್ಯಾಕ್ ಶುರುವಾದ ಹೊಸದರಲ್ಲಿ ಗೆರೆ ಸರಿಯಾಗೇ ಕಾಣಬಹುದು, ಅರ್ಧ ಗಂಟೆಯಲ್ಲಿ ಅದೇ ಗೆರೆ ಬದಲಾಗಬಹುದು, ಅದಕ್ಕೇ ಎರಡನೇ ಇಸಿಜಿ. ರಕ್ತ ತಗೊಂಡಿದ್ದು ಬಹುಶಃ ಟ್ರೋಪೋನಿನ್ ನೋಡೋದಕ್ಕೆ. ಹೃದಯದ ಸ್ನಾಯುವಿಗೆ ಪೆಟ್ಟಾದರೆ ಕೆಲವು ಗಂಟೆಗಳಲ್ಲಿ ಅದು ರಕ್ತದಲ್ಲಿ ಏರುತ್ತದೆ. ಇನ್ನೊಂದು ಮಾತು, ನಿಮ್ಮಪ್ಪ ಬೆವರಿದ್ದು ಆ ಮೆಷಿನ್‌ಗೆ ಗೊತ್ತೇ ಇಲ್ಲ. ಶುಗರ್ ಇರುವವರಿಗೆ ನೋವು ಜೋರಾಗಿ ಬರದೆಯೇ ಅಟ್ಯಾಕ್ ಆಗಬಹುದು ಅನ್ನೋದೂ ಅದರ ಲೆಕ್ಕದಲ್ಲಿಲ್ಲ. ಉಲ್ಟಾನೂ ಆಗುತ್ತದೆ: ವೈರ್ ಅದಲುಬದಲಾದರೆ, ರೋಗಿ ಚಳಿಗೆ ನಡುಗಿದರೆ, ಗಟ್ಟಿಮುಟ್ಟಾದವರ ಚೀಟಿಯಲ್ಲೂ ಹೆದರಿಸುವ ಸಾಲು ಬರುತ್ತದೆ. ಮನೆಯವರು ಅದನ್ನು ಓದಿ ಅಲ್ಲೇ ಕುಸಿದು ಕೂತಿದ್ದನ್ನು ನಾನೇ ನೋಡಿದ್ದೇನೆ.

ನನ್ನ ಕೇಳಿದರೆ, ಕಂಪ್ಯೂಟರ್ ಇಲ್ಲಿ ದೊಡ್ಡ ಉಪಕಾರ ಮಾಡಿದ್ದು ಗೆರೆ ಓದಿ ಅಲ್ಲ, ಆ ಗೆರೆಯನ್ನು ದೂರಕ್ಕೆ ಸಾಗಿಸಿ. ನಮ್ಮ ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನಡೆಯೋದೇ ಹೀಗೆ. ತಾಲ್ಲೂಕು ಆಸ್ಪತ್ರೆಯ ಇಸಿಜಿ ಜಯದೇವದಂಥ ದೊಡ್ಡ ಆಸ್ಪತ್ರೆಗೆ ಹೋಗುತ್ತದೆ, ಅಟ್ಯಾಕ್ ಅಂತ ಖಚಿತವಾಗಿ, ರೋಗಿಗೆ ಹೊಂದುತ್ತದೆ ಅನಿಸಿದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ, ಉಚಿತವಾಗಿ ಕೊಡುತ್ತಾರೆ. ಸಾವಿರಾರು ರೂಪಾಯಿಯ ಇಂಜೆಕ್ಷನ್ ಅದು. ಬೇಗ ಕೊಟ್ಟಷ್ಟೂ ಹೃದಯ ಉಳಿಯುತ್ತದೆ.

ಪ್ರಶ್ನೆ: ಮಗಳಿಗೆ 31 ವಾರಕ್ಕೇ ಹೆರಿಗೆಯಾಯಿತು, ಮಗು 1,350 ಗ್ರಾಂ. ಇಪ್ಪತ್ತು ದಿನವಾದ ಮೇಲೆ ಯಾರೋ ಟೆಕ್ನಿಷಿಯನ್ ಹುಡುಗ ಬಂದು ಮಗುವಿನ ಕಣ್ಣಿನ ಫೋಟೋ ತೆಗೆದು ಬೆಂಗಳೂರಿಗೆ ಕಳಿಸಿದ. ಕಣ್ಣಿನ ಡಾಕ್ಟರು ಬರಲೇ ಇಲ್ಲ. ಇದನ್ನು ನಂಬೋದಾ?
– ಕೊಪ್ಪಳದ ಅಜ್ಜಿ

ಉತ್ತರ: ನಂಬಿ ಅಮ್ಮ. ಆದರೆ ಒಂದೇ ಫೋಟೋಗೆ ಸುಮ್ನಾಗಬೇಡಿ.

ಅವಧಿಗೆ ಮುಂಚೆ ಹುಟ್ಟಿದ ಮಗುವಿನ ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತನಾಳಗಳು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಹೊರಗೆ ಬಂದ ಮೇಲೆ ಅವು ಅಡ್ಡಾದಿಡ್ಡಿ ಬೆಳೆದರೆ ಪರದೆಯನ್ನೇ ಕಿತ್ತುಬಿಡಬಹುದು, ಆಮೇಲೆ ದೃಷ್ಟಿ ವಾಪಸ್ ತರೋದು ತುಂಬಾ ಕಷ್ಟ. ಹೊರಗಿನಿಂದ ಮಾತ್ರ ಕಣ್ಣು ಚೆನ್ನಾಗೇ ಕಾಣುತ್ತಿರುತ್ತದೆ! ಅದಕ್ಕೇ ನಮ್ಮ ದೇಶದಲ್ಲಿ 34 ವಾರಕ್ಕಿಂತ ಮೊದಲು ಹುಟ್ಟಿದ, ಅಥವಾ 2,000 ಗ್ರಾಂಗಿಂತ ಕಡಿಮೆ ತೂಕದ ಮಕ್ಕಳ ಕಣ್ಣನ್ನು 30 ದಿನದೊಳಗೆ ನೋಡಲೇಬೇಕು ಅಂತ ಇದೆ. ತೀರಾ ಚಿಕ್ಕ ಮಕ್ಕಳಿಗೆ ಇನ್ನೂ ಬೇಗ.

ಇದನ್ನು ನೋಡಬಲ್ಲ ತಜ್ಞರು ಎಲ್ಲ ಜಿಲ್ಲೆಯಲ್ಲೂ ಎಲ್ಲಿ ಸಿಗುತ್ತಾರೆ? ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ 2008ರಲ್ಲಿ ‘ಕಿಡ್‌ರಾಪ್’ ಅಂತ ಶುರು ಮಾಡಿದ್ದು ಈ ಕಾರಣಕ್ಕೇ. ತರಬೇತಿ ಪಡೆದ ಟೆಕ್ನಿಷಿಯನ್‌ಗಳು ಕ್ಯಾಮೆರಾ ಹೊತ್ತುಕೊಂಡು ಜಿಲ್ಲೆಯ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ, ಚಿತ್ರಗಳನ್ನು ತಜ್ಞರು ದೂರದಲ್ಲಿ ಕೂತು ನೋಡುತ್ತಾರೆ. ಬೇಕಾದವರಿಗೆ ಲೇಸರ್ ಚಿಕಿತ್ಸೆ. ನಿಮ್ಮ ಮಗುವಿಗೆ ಬಂದ ಹುಡುಗ ಯಾವ ಕಡೆಯವನೋ, ಕೆಲಸದ ರೀತಿ ಇದೇ.

ನೀವು ಮಾಡಬೇಕಾದ್ದು ಇಷ್ಟೇ. ಮುಂದಿನ ತಪಾಸಣೆ ಯಾವತ್ತು ಅಂತ ಕೇಳಿ ಬರೆಸಿಕೊಳ್ಳಿ. ರಕ್ತನಾಳ ಪೂರ್ತಿ ಬೆಳೆಯೋವರೆಗೂ ವಾರಕ್ಕೋ ಎರಡು ವಾರಕ್ಕೋ ಮತ್ತೆ ಮತ್ತೆ ನೋಡಬೇಕಾಗುತ್ತದೆ. ಫೋನ್ ಬರಲಿಲ್ಲ ಅಂದರೆ ಎಲ್ಲ ಸರಿಯಿದೆ ಅಂತಲ್ಲ, ನೀವೇ ಫೋನ್ ಮಾಡಿ.

ಪ್ರಶ್ನೆ: ಆಭಾ ಕಾರ್ಡ್ ಮಾಡಿಸಿಕೊಂಡರೆ ಆಪರೇಷನ್ ಫ್ರೀ ಅಲ್ವಾ? ನಮ್ಮ ರಿಪೋರ್ಟ್ ಎಲ್ಲ ಸರ್ಕಾರದ ಕೈಗೆ ಹೋಗುತ್ತಂತೆ?
– ಶಿವಮೊಗ್ಗದ ಓದುಗರು

ಉತ್ತರ: ಎರಡೂ ಅಲ್ಲ. ಫ್ರೀ ಚಿಕಿತ್ಸೆಗೆ ಇರೋದು ಆಯುಷ್ಮಾನ್ ಕಾರ್ಡ್, ಅದು ಬೇರೆ. ಆಭಾ ಅಂದರೆ ನಿಮ್ಮ ಆರೋಗ್ಯ ದಾಖಲೆಗಳನ್ನು ಜೋಡಿಸುವ 14 ಅಂಕಿಯ ನಂಬರ್, 2021ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆಲ್ಲ ಬಂತು. ರಿಪೋರ್ಟು ಅದನ್ನು ಮಾಡಿದ ಆಸ್ಪತ್ರೆಯಲ್ಲೇ ಇರುತ್ತದೆ, ನೀವು ಒಪ್ಪಿಗೆ ಕೊಟ್ಟಾಗ ಇನ್ನೊಬ್ಬ ಡಾಕ್ಟರಿಗೆ ಕಾಣುತ್ತದೆ. ಮಾಡಿಸಲೇಬೇಕು ಅಂತೇನಿಲ್ಲ. ಮಾಡಿಸಿದರೆ ಕೆಲವು ಆಸ್ಪತ್ರೆಗಳಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಒಪಿಡಿ ಚೀಟಿ ಬೇಗ ಸಿಗುತ್ತದೆ, ಸೋಮವಾರದ ಸಾಲು ನೋಡಿದವರಿಗೆ ಇದೇ ದೊಡ್ಡ ಲಾಭ. ಆದರೆ ಹಳೇ ಫೈಲು ಮಾತ್ರ ಎಸೀಬೇಡಿ. ಎಲ್ಲ ಲ್ಯಾಬೂ ಇನ್ನೂ ಇದಕ್ಕೆ ಸೇರಿಲ್ಲ. ಫೋನ್ ಮಾಡಿ ಓಟಿಪಿ ಕೇಳಿದವರಿಗೆ ಹೇಳಲೂಬೇಡಿ.

ಪ್ರಶ್ನೆ: ವಿಡಿಯೋ ಕಾಲ್‌ನಲ್ಲಿ ಡಾಕ್ಟರು ಬಿಪಿ ಮಾತ್ರೆ ಬರೆದರು, ಆದರೆ ನಾನು ದಿನಾ ತಗೊಳ್ಳೋ ಆತಂಕದ ಮಾತ್ರೆ ಆಲ್‌ಪ್ರಾಜೋಲಾಮ್ ಬರೆಯಲ್ಲ ಅಂದರು. ದುಡ್ಡು ಮಾತ್ರ ಪೂರ್ತಿ ತಗೊಂಡರು.
– ಮೈಸೂರಿನ ಓದುಗರು

ಉತ್ತರ: ದುಡ್ಡಿನ ವಿಷಯ ನೀವುನೀವು ನೋಡಿಕೊಳ್ಳಿ. ಮಾತ್ರೆ ವಿಷಯದಲ್ಲಿ ಡಾಕ್ಟರದ್ದೇ ಸರಿ. 2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ನಿಯಮದಲ್ಲಿ ಇಂಥ ಚಟ ಹಿಡಿಸುವ ಮಾತ್ರೆಗಳನ್ನು ದೂರದಿಂದ ಬರೆಯುವ ಹಾಗಿಲ್ಲ. ಹಾಗಂತ ಸಿಟ್ಟು ಮಾಡಿಕೊಂಡು ನೀವೇ ಒಂದೇ ಸಲಕ್ಕೆ ನಿಲ್ಲಿಸಿಬಿಡಬೇಡಿ, ದಿನಾ ತಗೊಂಡವರಿಗೆ ಫಿಟ್ಸ್ ಕೂಡ ಬರಬಹುದು. ಇರೋ ಮಾತ್ರೆ ಮುಗಿಯೋದ್ರೊಳಗೆ, ಹಳೇ ಚೀಟಿ ಹಿಡ್ಕೊಂಡು ಒಬ್ಬ ಡಾಕ್ಟರ ಎದುರಿಗೇ ಹೋಗಿ ಕೂತುಕೊಳ್ಳಿ.